ಬೈತಖೋಲದ ದರಫಲಕ: ಟಿಎಲ್‌ಎಸ್ ಸಂಪರ್ಕದಲ್ಲಿ ಸೋರುತ್ತಿದ್ದ ಮೆಮೊರಿ

ಕಾರವಾರದ ಬೈತಖೋಲ ಬಂದರಿನ ಬದಿಯಲ್ಲಿ ಒಂದು ಐಸ್ ಪ್ಲಾಂಟ್. ಅದರ ಗೋಡೆಯ ಮೇಲೆ ಟಿವಿ, ಟಿವಿಯ ಬೆನ್ನಿಗೆ ಅಂಟಿಸಿದ ರಾಸ್ಪ್‌ಬೆರಿ ಪೈ 3 ಬಿ ಪ್ಲಸ್. ಅದರಲ್ಲಿ ಓಡುವುದು ಈ ಕೆಲಸಕ್ಕೆಂದೇ ಸಿ ಭಾಷೆಯಲ್ಲಿ ಬರೆದ ಸಣ್ಣ ಬ್ರೌಸರ್. ಪೂರ್ತಿ ಪರದೆ, ಜಾವಾಸ್ಕ್ರಿಪ್ಟ್ ಇಲ್ಲ, ತೋರಿಸುವುದು ಮೂರೇ ಪುಟ: ಅಲೆ ಮತ್ತು ಗಾಳಿಯ ಮುನ್ಸೂಚನೆ, ಉಬ್ಬರವಿಳಿತದ ಹೊತ್ತು, ಬಾಂಗಡೆ ಮೀನು ಮತ್ತು ಶೆಟ್ಲಿಯ (ಸಿಗಡಿಯ) ದರ. ಮೂರೂ ಬೇರೆ ಬೇರೆ ಸರ್ವರ್‌ನಿಂದ ಬರುತ್ತವೆ. ಪ್ರತಿ 30 ಸೆಕೆಂಡಿಗೊಮ್ಮೆ ಪ್ರತಿಯೊಂದಕ್ಕೂ ಹೊಸ ಎಚ್‌ಟಿಟಿಪಿಎಸ್ ಸಂಪರ್ಕ (ಟಿಎಲ್‌ಎಸ್ ಎಂಬ ಗೂಢಲಿಪಿ ಪದರದ ಮೇಲೆ ನಡೆಯುವ ವೆಬ್ ಸಂಪರ್ಕ). ಅಂದರೆ ನಿಮಿಷಕ್ಕೆ 6, ದಿನಕ್ಕೆ 8,640. ಕೆಳಗೆ ಡೆಬಿಯನ್ 12ರ 64 ಬಿಟ್ ಆವೃತ್ತಿ, ಅದರ ಜೊತೆ ಬರುವ ಟಿಎಲ್‌ಎಸ್ ಲೈಬ್ರರಿ ಓಪನ್‌ಎಸ್‌ಎಸ್‌ಎಲ್ 3.0. ಮೆಮೊರಿ 1 ಜಿಬಿ.

ಲಕ್ಷಣ ಎರಡು ಬಗೆಯದು. ಎಲ್ಲ ಸರಿಯಿರುವ ದಿನಗಳಲ್ಲಿ ಆರ್‌ಎಸ್‌ಎಸ್ (ಪ್ರೋಗ್ರಾಂ ಆ ಹೊತ್ತಿಗೆ ಹಿಡಿದಿರುವ ಮೆಮೊರಿ) ನಿಧಾನವಾಗಿ, ಒಂದೇ ಓಟದಲ್ಲಿ ಮೇಲೇರುತ್ತದೆ, ದಿನಕ್ಕೆ 80ರಿಂದ 90 ಎಂಬಿ. ಕರೆಂಟು ಹೋಗಿ ಬಂದ ದಿನ ಮಾತ್ರ ಅರ್ಧ ಗಂಟೆಯ ಆಸುಪಾಸಿನಲ್ಲಿ ಸುಮಾರು 40 ಎಂಬಿ ಜಿಗಿದು ಅಲ್ಲೇ ನಿಂತುಬಿಡುತ್ತದೆ, ಪರದೆಯೂ ಹಳೆಯ ದರಕ್ಕೇ ಅಂಟಿಕೊಳ್ಳುತ್ತದೆ. ಗ್ರಾಫಿನಲ್ಲಿ ಒಂದು ಇಳಿಜಾರು, ಒಂದು ಮೆಟ್ಟಿಲು. ಆಕಾರ ಎರಡಿದ್ದರೆ ಸೋರುವ (ಅಂದರೆ ಪಡೆದ ಮೆಮೊರಿಯನ್ನು ಹಿಂದಿರುಗಿಸದ) ಜಾಗವೂ ಎರಡು ಎಂದುಕೊಂಡೇ ಹೊರಡುವುದು ಒಳ್ಳೆಯದು. ಒಂದನ್ನು ಮುಚ್ಚಿ "ಇನ್ನೂ ಸೋರುತ್ತಿದೆಯಲ್ಲ" ಎಂದು ಆ ಸರಿಯಾದ ದುರಸ್ತಿಯನ್ನೇ ಕಿತ್ತುಹಾಕುವ ಅಪಾಯ ಆಗ ಇರುವುದಿಲ್ಲ.

ಮೂಲ ಹುಡುಕುವ ತನಕ ಫಲಕ ನಡೆಯಬೇಕು. ಪ್ರೋಗ್ರಾಂಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಂಡಿಯ ಸರ್ವಿಸ್ ಕಡತದಲ್ಲಿ "ರೀಸ್ಟಾರ್ಟ್" ಅನ್ನು "ಆಲ್ವೇಸ್" ಮಾಡಿ, "ರನ್‌ಟೈಂ ಮ್ಯಾಕ್ಸ್ ಸೆಕ್" ಅನ್ನು 86400ಕ್ಕೆ ಇಟ್ಟರೆ ದಿನಕ್ಕೊಮ್ಮೆ ತಾನೇ ಹೊಸದಾಗಿ ಏಳುತ್ತದೆ. "ಮೆಮೊರಿ ಮ್ಯಾಕ್ಸ್" ಮಿತಿಯನ್ನೂ ಹಾಕಬಹುದು. ಆದರೆ ರಾಸ್ಪ್‌ಬೆರಿ ಪೈನಲ್ಲಿ ಮೆಮೊರಿ ಸಿಗ್ರೂಪ್ (ಇಂಥ ಮಿತಿ ಜಾರಿ ಮಾಡುವ ಕರ್ನಲ್ ಸೌಲಭ್ಯ) ಮೊದಲಿನಿಂದಲೇ ಬಂದ್ ಆಗಿರುತ್ತದೆ. ಬೂಟ್ ಕೋಶದ ಫರ್ಮ್‌ವೇರ್ ಒಳಗಿನ ಸಿಎಂಡಿಲೈನ್ ಕಡತದಲ್ಲಿ, ಇರುವ ಅದೇ ಒಂದು ಸಾಲಿನ ಕೊನೆಗೆ, ಮೆಮೊರಿ ಸಿಗ್ರೂಪ್ ತೆರೆಯುವ ಆಯ್ಕೆ ಸೇರಿಸಿ ರೀಬೂಟ್ ಮಾಡದಿದ್ದರೆ ಆ ಮಿತಿ ಕಾಗದದ ಮೇಲಷ್ಟೇ.

ಸೋರುವುದು ಟಿಎಲ್‌ಎಸ್ ಹೌದೋ ಅಲ್ಲವೋ

ಬ್ರೌಸರ್ ಅಂದಮೇಲೆ ಚಿತ್ರಗಳ ಕ್ಯಾಶ್, ಅಕ್ಷರಶೈಲಿ, ಪುಟದ ಮರ ಎಲ್ಲವೂ ಮೆಮೊರಿ ತಿನ್ನುತ್ತವೆ. ಸೋರಿಕೆ ಭದ್ರ ಸಂಪರ್ಕದ್ದೇ ಎಂದು ಊಹೆಯ ಮೇಲೆ ಹೊರಟರೆ ವಾರ ಕಳೆದರೂ ಕೈಗೆ ಏನೂ ಹತ್ತುವುದಿಲ್ಲ. ಮೊದಲು ಲೆಕ್ಕ ಬೇರ್ಪಡಿಸಬೇಕು.

ಇದಕ್ಕೆ ಓಪನ್‌ಎಸ್‌ಎಸ್‌ಎಲ್‌ನಲ್ಲೇ ದಾರಿ ಇದೆ: ಕ್ರಿಪ್ಟೊ_ಸೆಟ್_ಮೆಮ್_ಫಂಕ್ಷನ್ಸ್. ಮೆಮೊರಿ ಪಡೆಯುವ, ಅಳತೆ ಬದಲಿಸುವ, ಬಿಡುವ ಮ್ಯಾಲಕ್, ರಿಯಾಲಕ್, ಫ್ರೀ ಮೂರಕ್ಕೂ ನಮ್ಮದೇ ಸಣ್ಣ ಹೊದಿಕೆ ಕೊಟ್ಟು, ಪ್ರತಿ ಸಲ ಮ್ಯಾಲಕ್_ಯೂಸಬಲ್_ಸೈಜ್‌ನಿಂದ ತುಂಡಿನ ಗಾತ್ರ ಕೇಳಿ, ಒಂದು ಅಟಾಮಿಕ್ ಎಣಿಕೆಗೆ ಕೂಡಿಸುವುದು, ಬಿಡುವಾಗ ಕಳೆಯುವುದು. ಮೇನ್ ಫಂಕ್ಷನ್ನಿನ ಮೊದಲ ಸಾಲಲ್ಲೇ ಇದನ್ನು ಕರೆಯಬೇಕು. ಓಪನ್‌ಎಸ್‌ಎಸ್‌ಎಲ್ ಒಂದೇ ಒಂದು ಬೈಟ್ ಪಡೆದ ಮೇಲೆ ಕರೆದರೆ ಅದು 0 ಹಿಂದಿರುಗಿಸಿ ಸುಮ್ಮನಾಗುತ್ತದೆ. ಹಿಂದಿರುಗಿದ ಬೆಲೆ ನೋಡದವರಿಗೆ ಎಣಿಕೆ ಸದಾ ಸೊನ್ನೆ ಕಾಣುತ್ತದೆ, "ಟಿಎಲ್‌ಎಸ್ ಶುದ್ಧ" ಎಂಬ ತಪ್ಪು ತೀರ್ಪೂ ಬರುತ್ತದೆ. ಪಕ್ಕದಲ್ಲಿ ಪ್ರಾಕ್ ಕೋಶದ ಸ್ಮ್ಯಾಪ್ಸ್_ರೋಲಪ್ ಕಡತದಿಂದ "ಪ್ರೈವೇಟ್ ಡರ್ಟಿ" (ಈ ಪ್ರೋಗ್ರಾಂ ತನಗಾಗಿಯೇ ಬರೆದ ಮೆಮೊರಿ) ಸಾಲನ್ನೂ ಬರೆದುಕೊಳ್ಳುತ್ತಾ ಹೋದರೆ ಎರಡು ಗೆರೆ ಸಿಗುತ್ತವೆ. ಇಲ್ಲಿ ಎರಡೂ ಒಂದೇ ಓಟದಲ್ಲಿ ಏರಿದವು. ಚಿತ್ರಗಳ ಕಡೆ ನೋಡುವ ಅಗತ್ಯವೇ ಉಳಿಯಲಿಲ್ಲ.

ಮುಂದಿನ ಪ್ರಶ್ನೆ, ಓಪನ್‌ಎಸ್‌ಎಸ್‌ಎಲ್‌ನ ಯಾವ ವಸ್ತು? ಎಸ್‌ಎಸ್‌ಎಲ್ (ಒಂದು ಸಂಪರ್ಕ), ಎಸ್‌ಎಸ್‌ಎಲ್_ಸೆಷನ್ (ಮುಂದಿನ ಸಂಪರ್ಕಕ್ಕೆ ಮತ್ತೆ ಬಳಸಬಹುದಾದ ಒಪ್ಪಂದ), ಎಕ್ಸ್509 (ಸರ್ವರ್‌ನ ಗುರುತು ಹೇಳುವ ಸರ್ಟಿಫಿಕೇಟ್) ಮೂರಕ್ಕೂ ನಾವು ಬೇಕಾದ ಮಾಹಿತಿ ಸಿಕ್ಕಿಸಲು "ಎಕ್ಸ್ ಡೇಟಾ" ಎಂಬ ಕೊಕ್ಕೆ ಇದೆ. ಅದರಲ್ಲಿ ಮಾಹಿತಿ ಇಡದೆ, ವಸ್ತು ಹುಟ್ಟುವಾಗ ಮತ್ತು ಸಾಯುವಾಗ ಬರುವ ಕಾಲ್‌ಬ್ಯಾಕ್‌ಗಳನ್ನಷ್ಟೇ (ಲೈಬ್ರರಿ ತಾನಾಗಿ ಕರೆಯುವ ನಮ್ಮ ಫಂಕ್ಷನ್‌ಗಳು) ಬಳಸಿ ಎಣಿಸಬಹುದು. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬಂದರಿನಲ್ಲಿ ಓಡುತ್ತಿರುವ ಪೈನಲ್ಲೇ ಇದನ್ನು ಬಿಡಬಹುದು, ಓಟವನ್ನು ಬಹಳ ನಿಧಾನ ಮಾಡುವ ವ್ಯಾಲ್‌ಗ್ರಿಂಡ್ ಎಂಬ ಪರೀಕ್ಷಾ ಉಪಕರಣವನ್ನು ಅಲ್ಲಿ ಓಡಿಸುವ ಹಾಗಿಲ್ಲ.

ಟೇಬಲ್ಲಿನ ಮೇಲಿನ ಪರೀಕ್ಷೆ

ಪರೀಕ್ಷೆಗೆ ಹೊರಗಿನ ಸರ್ವರ್ ಬೇಡ. ಓಪನ್‌ಎಸ್‌ಎಸ್‌ಎಲ್ ಆದೇಶದ "ಎಸ್_ಸರ್ವರ್" ಉಪಕರಣವೇ ಸಾಕು. ಲೋಕಲ್‌ಹೋಸ್ಟ್ ಹೆಸರಿಗೆ 2048 ಬಿಟ್ ಆರ್‌ಎಸ್‌ಎ ಕೀಲಿಯೊಂದಿಗೆ ಸ್ವಯಂ ಸಹಿಯ ಸರ್ಟಿಫಿಕೇಟ್ ಮಾಡಿಕೊಳ್ಳಿ. ಹೆಸರನ್ನು ಸಬ್ಜೆಕ್ಟ್ ಆಲ್ಟರ್ನೇಟಿವ್ ನೇಮ್ ಭಾಗದಲ್ಲೂ ಸೇರಿಸಿ. ಬ್ರೌಸರ್‌ಗೆ ಆ ಒಂದೇ ಕಡತವನ್ನು ನಂಬಿಕೆಯ ಸರ್ಟಿಫಿಕೇಟ್ ಎಂದು ಕೊಡಿ. ಸರ್ವರ್ ಪೋರ್ಟ್ 4433ರಲ್ಲಿ, "ಡಬ್ಲ್ಯುಡಬ್ಲ್ಯುಡಬ್ಲ್ಯು" ಆಯ್ಕೆಯೊಂದಿಗೆ ಓಡಿದರೆ ಕೇಳಿದವರಿಗೆ ಒಂದು ಪುಟ ಕೊಟ್ಟು ಸಂಪರ್ಕ ಮುಚ್ಚುತ್ತದೆ. ಬ್ರೌಸರ್‌ನ ಕಾಯುವ ಅವಧಿಯನ್ನು 30 ಸೆಕೆಂಡಿನಿಂದ ಸೆಕೆಂಡಿನ ಹತ್ತನೇ ಒಂದಕ್ಕೆ ಇಳಿಸಿ 360 ಸಲ ಸಂಪರ್ಕ ಮಾಡಿಸಿದಾಗ ಎಣಿಕೆ ಹೀಗೆ ನಿಂತಿತು:

ಸಂಪರ್ಕ 360 | ಜೀವಂತ ಎಸ್‌ಎಸ್‌ಎಲ್ 0 | ಜೀವಂತ ಸೆಷನ್ 720 | ಜೀವಂತ ಎಕ್ಸ್509 361

ಈ ಒಂದು ಸಾಲಿನಲ್ಲೇ ಹೆಚ್ಚುಕಡಿಮೆ ಎಲ್ಲವೂ ಇದೆ. ಎಸ್‌ಎಸ್‌ಎಲ್ ಸೊನ್ನೆ, ಹಾಗಾಗಿ ಸಂಪರ್ಕಗಳು ಸರಿಯಾಗಿ ಮುಚ್ಚುತ್ತಿವೆ. ಸರ್ಟಿಫಿಕೇಟು ಸಂಪರ್ಕಕ್ಕೊಂದರಂತೆ 360, ಜೊತೆಗೆ ಕಡತದಿಂದ ಓದಿದ ನಂಬಿಕೆಯದು ಒಂದು. ಸೆಷನ್ ಮಾತ್ರ ಸಂಪರ್ಕಕ್ಕೆ ಎರಡೆರಡು. ಈ ಎರಡು ಎಲ್ಲಿಂದ ಬಂತು?

ಟಿಎಲ್‌ಎಸ್ 1.3ರಲ್ಲಿ ಓಪನ್‌ಎಸ್‌ಎಸ್‌ಎಲ್ ಸರ್ವರ್ ಪೂರ್ಣ ಹ್ಯಾಂಡ್‌ಶೇಕ್ (ಸರ್ಟಿಫಿಕೇಟ್ ತೋರಿಸಿ ಕೀಲಿ ಒಪ್ಪಿಕೊಳ್ಳುವ ಮೊದಲ ಮಾತುಕತೆ) ಆದಮೇಲೆ ರೂಢಿಯಂತೆ 2 ಸೆಷನ್ ಟಿಕೆಟ್ (ಮುಂದಿನ ಸಲ ಆ ಮಾತುಕತೆಯನ್ನು ಚಿಕ್ಕದಾಗಿಸುವ ಚೀಟಿ) ಕಳಿಸುತ್ತದೆ. ಎಸ್_ಸರ್ವರ್‌ಗೆ "ನಮ್_ಟಿಕೆಟ್ಸ್" ಎಂಬ ಆಯ್ಕೆ ಕೊಟ್ಟು ಈ ಸಂಖ್ಯೆ ಬದಲಿಸಬಹುದು. 0 ಕೊಟ್ಟರೆ ಸೆಷನ್ ಎಣಿಕೆ ಏರುವುದೇ ಇಲ್ಲ. 4 ಕೊಟ್ಟರೆ 1,440. ಟಿಎಲ್‌ಎಸ್ 1.2ಕ್ಕೆ ಬಿಗಿದರೆ 360. ಸೋರಿಕೆ ಟಿಕೆಟ್ಟಿನ ಹಿಂದೆಯೇ ಇದೆ ಎಂಬುದು ಕೋಡಿನ ಒಂದು ಸಾಲನ್ನೂ ಓದದೆ ಇಷ್ಟರಲ್ಲೇ ಗೊತ್ತಾಗುತ್ತದೆ.

ಇಲ್ಲೊಂದು ಹಳ್ಳವಿದೆ. ಟಿಎಲ್‌ಎಸ್ 1.3ರಲ್ಲಿ ಟಿಕೆಟ್ ಬರುವುದು ಹ್ಯಾಂಡ್‌ಶೇಕ್ ಮುಗಿದ ಮೇಲೆ, ಸಾಮಾನ್ಯ ಮಾಹಿತಿಯ ಹರಿವಿನೊಳಗೆ. ಕ್ಲೈಂಟ್ ಒಮ್ಮೆಯಾದರೂ ಎಸ್‌ಎಸ್‌ಎಲ್_ರೀಡ್ ಕರೆದರಷ್ಟೇ ಅದನ್ನು ಬಿಚ್ಚಿ ನೋಡಿದ ಹಾಗೆ. ಸಂಪರ್ಕ ಮಾಡಿ, ಹ್ಯಾಂಡ್‌ಶೇಕ್ ಮುಗಿಸಿ, ತಕ್ಷಣ ಮುಚ್ಚುವ ಚಿಕ್ಕ ಪರೀಕ್ಷಾ ಪ್ರೋಗ್ರಾಂ ಬರೆದು ಸಾವಿರ ಸಲ ಓಡಿಸಿದರೂ ಒಂದು ಬೈಟ್ ಸೋರುವುದಿಲ್ಲ. ಪರೀಕ್ಷೆ ಪುಟವನ್ನು ಪೂರ್ತಿ ಓದಲೇಬೇಕು.

ಲೀಕ್ ಸ್ಯಾನಿಟೈಸರ್ ಹೇಳುವುದನ್ನು ಓದುವ ರೀತಿ

ಜಿಸಿಸಿಗೆ ಅಡ್ರೆಸ್ ಸ್ಯಾನಿಟೈಸರ್ ಆಯ್ಕೆ, ಡಿಬಗ್ ಮಾಹಿತಿ, ಫ್ರೇಂ ಪಾಯಿಂಟರ್ (ಯಾವ ಫಂಕ್ಷನ್ ಯಾವುದನ್ನು ಕರೆಯಿತೆಂಬ ಜಾಡು) ಉಳಿಸುವ ಆಯ್ಕೆ ಮೂರನ್ನೂ ಕೊಟ್ಟು ಕಟ್ಟಿದರೆ ಸೋರಿಕೆ ಹುಡುಕುವ ಲೀಕ್ ಸ್ಯಾನಿಟೈಸರ್ ಜೊತೆಗೇ ಬರುತ್ತದೆ. ಅದು ವರದಿ ಕೊಡುವುದು ಪ್ರೋಗ್ರಾಂ ನೆಟ್ಟಗೆ ಹೊರಬಿದ್ದಾಗ ಮಾತ್ರ. ಈ ಬ್ರೌಸರ್ ಹೊರಬೀಳುವುದೇ ಇಲ್ಲ, ನಿಲ್ಲಿಸುವ ಸಂಕೇತವಾದ ಸಿಗ್‌ಟರ್ಮ್ ಬಂದರೆ ಸಾಯುತ್ತದೆ, ವರದಿ ಇಲ್ಲ. ಸಿಗ್‌ಯೂಸರ್1 ಬಂದಾಗ ಒಂದು ಬಾವುಟ ಏರಿಸಿ, ಮುಖ್ಯ ಲೂಪಿನಲ್ಲಿ ಬಾವುಟ ಕಂಡಾಗ "ಎಲ್‌ಸ್ಯಾನ್ ಡೂ ರಿಕವರಬಲ್ ಲೀಕ್ ಚೆಕ್" ಕರೆಯುವಂತೆ ಮಾಡಿದರೆ ಓಡುತ್ತಿರುವಾಗಲೇ ವರದಿ ಸಿಗುತ್ತದೆ. ಜಿಡಿಬಿ ಅಥವಾ ಎಸ್‌ಟ್ರೇಸ್ ಎಂಬ ತಪಾಸಣೆ ಉಪಕರಣಗಳ ಅಡಿಯಲ್ಲಿ ಮಾತ್ರ ಇದು ಕೆಲಸ ಮಾಡದು.

ಇನ್ನೊಂದು ಅಡ್ಡಿ: ಡೆಬಿಯನ್ ಜೊತೆ ಬರುವ ಲಿಬ್‌ಕ್ರಿಪ್ಟೊದಲ್ಲಿ (ಓಪನ್‌ಎಸ್‌ಎಸ್‌ಎಲ್‌ನ ಒಂದು ಭಾಗ) ಫ್ರೇಂ ಪಾಯಿಂಟರ್ ಇಲ್ಲದಿದ್ದರೆ ಕರೆಗಳ ಸರಪಳಿ ಒಂದೆರಡು ಹೆಜ್ಜೆಗೇ ಕತ್ತರಿಸಿಹೋಗುತ್ತದೆ, ಕಾಣುವುದು "ಕ್ರಿಪ್ಟೊ_ಮ್ಯಾಲಕ್" ಒಂದೇ. ಏಸ್ಯಾನ್ (ಅಡ್ರೆಸ್ ಸ್ಯಾನಿಟೈಸರ್) ಆಯ್ಕೆಗಳಲ್ಲಿ "ಫಾಸ್ಟ್ ಅನ್‌ವೈಂಡ್ ಆನ್ ಮ್ಯಾಲಕ್" ಅನ್ನು 0 ಮಾಡಿ. ಓಟ ಬಹಳ ನಿಧಾನವಾಗುತ್ತದೆ, ಸರಪಳಿ ಪೂರ್ತಿ ಸಿಗುತ್ತದೆ. ಈ ಕೆಲಸ ಪೈನಲ್ಲಿ ಬೇಡ, ಲ್ಯಾಪ್‌ಟಾಪಿನಲ್ಲಿ ಮಾಡಿ.

ವರದಿಯಲ್ಲಿ ಎಲ್ಲಕ್ಕಿಂತ ದೊಡ್ಡ ಅಂಕಿ ಎಕ್ಸ್509 ಬಿಚ್ಚುವ ಎಎಸ್‌ಎನ್1 (ಸರ್ಟಿಫಿಕೇಟಿನ ಬರಹರೂಪ) ಕೋಡಿನದು. ಸಾವಿರಾರು ಸಣ್ಣ ತುಂಡುಗಳು. ನೋಡಿದ ಕೂಡಲೇ ಸರ್ಟಿಫಿಕೇಟ್ ಪರೀಕ್ಷಿಸುವ ಕೋಡಿನ ಮೇಲೆ ಅನುಮಾನ ಬರುತ್ತದೆ, ಎಸ್‌ಎಸ್‌ಎಲ್_ಗೆಟ್1_ಪಿಯರ್_ಸರ್ಟಿಫಿಕೇಟ್ ಕರೆದು ಎಕ್ಸ್509_ಫ್ರೀ ಮರೆತಿರಬೇಕು ಎಂದು. ಅದು ನಿಜಕ್ಕೂ ಬಹಳ ಕಡೆ ಆಗುವ ತಪ್ಪೇ. ಆದರೆ ಆ ತುಂಡುಗಳ ತಲೆಬರಹ "ಇಂಡೈರೆಕ್ಟ್ ಲೀಕ್". ಅಂದರೆ ಅವುಗಳನ್ನು ಹಿಡಿದುಕೊಂಡಿರುವ ಇನ್ಯಾವುದೋ ಸೋರಿದೆ, ಇವು ಅದರ ಸೆರಗು ಹಿಡಿದು ಬಂದವು. "ಡೈರೆಕ್ಟ್ ಲೀಕ್" ತಲೆಬರಹದಲ್ಲಿ ಇದ್ದದ್ದು ಒಂದೊಂದೂ ಕಿಲೋಬೈಟ್ ತುಂಬದ ಎಸ್‌ಎಸ್‌ಎಲ್_ಸೆಷನ್ ಮಾತ್ರ, ಸರಪಳಿಯಲ್ಲಿ ಟಿಕೆಟ್ ಓದುವ ಫಂಕ್ಷನ್ ಮತ್ತು ಸೆಷನ್ ನಕಲು ಮಾಡುವ ಫಂಕ್ಷನ್. ಗಾತ್ರ ನೋಡಿ ಬೆನ್ನಟ್ಟಬಾರದು, ಡೈರೆಕ್ಟ್ ಯಾವುದೋ ಅದನ್ನೇ ಹಿಡಿಯಬೇಕು. ಟಿಎಲ್‌ಎಸ್ ಲೈಬ್ರರಿಗಳಲ್ಲಿ ಬಹುಪಾಲು ವಸ್ತುಗಳು ರೆಫರೆನ್ಸ್ ಎಣಿಕೆಯ (ಎಷ್ಟು ಕಡೆಯಿಂದ ಹಿಡಿದಿದ್ದಾರೆಂಬ ಲೆಕ್ಕ, ಸೊನ್ನೆಯಾದರೆ ವಸ್ತು ಬಿಡುಗಡೆ) ಮೇಲೆ ಬದುಕುವುದರಿಂದ ಇಲ್ಲಿ ಈ ಮಾತಿಗೆ ತೂಕ ಹೆಚ್ಚು. ಕ್ಲೈಂಟ್ ಕಡೆಯ ಸೆಷನ್ ಸರ್ವರ್‌ನ ಸರ್ಟಿಫಿಕೇಟ್ ಸರಣಿಯನ್ನೇ ಹಿಡಿದುಕೊಂಡಿರುತ್ತದೆ.

ಎರಡನೆಯ ಟಿಕೆಟ್ ಬಂದಾಗ ಸೆಷನ್ ನಕಲಾಗುತ್ತದೆ, ಸರಣಿ ನಕಲಾಗುವುದಿಲ್ಲ, ಅದರ ಎಣಿಕೆ ಮಾತ್ರ ಏರುತ್ತದೆ. ಹಾಗಾಗಿ ಟಿಕೆಟ್ ಎರಡಾದರೂ ಸೋರುವ ಮೆಮೊರಿ ಎರಡರಷ್ಟಾಗುವುದಿಲ್ಲ. ಸರ್ಟಿಫಿಕೇಟ್ 361, ಸೆಷನ್ 720 ಎಂಬ ಲೆಕ್ಕದ ಗುಟ್ಟು ಇದೇ. ಹೊರಗಿನ ಸರ್ವರ್‌ಗಳು ಸಾಮಾನ್ಯವಾಗಿ ಎರಡು ಸರ್ಟಿಫಿಕೇಟ್ ಕಳಿಸುತ್ತವೆ. ಬಿಚ್ಚಿದ ಮೇಲೆ ಸೆಷನ್ ಸಮೇತ ಸಂಪರ್ಕಕ್ಕೆ ಸುಮಾರು 10 ಕೆಬಿ ಹಿಡಿದರೆ, 8,640ರಿಂದ ಗುಣಿಸಿದಾಗ ದಿನಕ್ಕೆ 86 ಎಂಬಿ. ಬಂದರಿನ ಗ್ರಾಫಿಗೆ ತಾಳೆಯಾಗುತ್ತದೆ.

ಇಳಿಜಾರಿನ ಮೂಲ

ಕೋಡಿನಲ್ಲಿ ಹೊಸ ಸೆಷನ್ ಬಂದಾಗ ಕರೆಯುವ ಕಾಲ್‌ಬ್ಯಾಕ್ ನಾಲ್ಕೇ ಸಾಲು: ಹೋಸ್ಟ್ ಹೆಸರು ಹುಡುಕು, ಪಟ್ಟಿಯಲ್ಲಿ ಅದರ ಜಾಗ ಹುಡುಕು, ಅಲ್ಲಿ ಈ ಸೆಷನ್ನಿನ ಪಾಯಿಂಟರ್ ಬರೆ, 1 ಹಿಂದಿರುಗಿಸು. ಓಪನ್‌ಎಸ್‌ಎಸ್‌ಎಲ್ ಈ ಕಾಲ್‌ಬ್ಯಾಕ್ ಕರೆಯುವ ಮೊದಲೇ ಸೆಷನ್ನಿನ ಎಣಿಕೆಯನ್ನು ನಮ್ಮ ಪರವಾಗಿ ಒಂದು ಏರಿಸಿರುತ್ತದೆ. 0 ಹಿಂದಿರುಗಿಸಿದರೆ ಅದೇ ಇಳಿಸುತ್ತದೆ. 1 ಹಿಂದಿರುಗಿಸಿದರೆ "ಇದು ನನ್ನದು" ಎಂದು ಒಪ್ಪಿಕೊಂಡ ಹಾಗೆ, ಎಸ್‌ಎಸ್‌ಎಲ್_ಸೆಷನ್_ಫ್ರೀ ಕರೆಯುವ ಹೊಣೆ ನಮ್ಮದು. ಜಾಗದಲ್ಲಿ ಮೊದಲೇ ಇದ್ದ ಸೆಷನ್ನನ್ನು ಬಿಡದೆ ಅದರ ಮೇಲೆಯೇ ಹೊಸದನ್ನು ಬರೆದದ್ದು ಸೋರಿಕೆ. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ ಪಟ್ಟಿಯಿಂದ ತೆಗೆದು ಬಳಸುವ ಕೋಡ್ ಎಲ್ಲೂ ಇಲ್ಲ. ಎತ್ತಿಟ್ಟದ್ದೇ ಎತ್ತಿಟ್ಟದ್ದು, ಪ್ರತಿ ಸಲವೂ ಪೂರ್ಣ ಹ್ಯಾಂಡ್‌ಶೇಕ್.

0 ಹಿಂದಿರುಗಿಸಿ ಕೈತೊಳೆದುಕೊಂಡರೂ ಸೋರಿಕೆ ನಿಲ್ಲುತ್ತದೆ. ಅವಸರವಿದ್ದವರು ಅಷ್ಟೇ ಮಾಡಲಿ. ಆದರೆ ಮೊಬೈಲ್ ಡಾಂಗಲ್ ಮೇಲೆ ದಿನಕ್ಕೆ 8,640 ಹ್ಯಾಂಡ್‌ಶೇಕ್ ಮಾಡುವ ಯಂತ್ರಕ್ಕೆ ಸೆಷನ್ ಮರುಬಳಕೆ ಲಾಭದ ಮಾತು. ಆಗ ಸರ್ವರ್ ಸರ್ಟಿಫಿಕೇಟ್ ಕಳಿಸುವುದೇ ಇಲ್ಲ, ಬಿಚ್ಚುವ ಕೆಲಸವೂ ತಪ್ಪುತ್ತದೆ. ಹೊಸ ಕೋಡಿನಲ್ಲಿ ಪ್ರತಿ ಹೋಸ್ಟ್-ಪೋರ್ಟ್ ಜೋಡಿಗೆ ಎರಡು ಜಾಗ. ಎರಡೂ ತುಂಬಿದ್ದರೆ ಹಳೆಯದನ್ನು ಬಿಟ್ಟು ಹೊಸದನ್ನು ಇಡುತ್ತದೆ. ಬಳಸುವಾಗ ಜಾಗದಿಂದ ಹೊರತೆಗೆದು, ಎಸ್‌ಎಸ್‌ಎಲ್_ಸೆಷನ್_ಈಸ್_ರಿಸ್ಯೂಮಬಲ್ ಕೇಳಿ, ಎಸ್‌ಎಸ್‌ಎಲ್_ಸೆಟ್_ಸೆಷನ್‌ಗೆ ಕೊಟ್ಟು, ಆಮೇಲೆ ನಮ್ಮ ಪಾಲಿನ ಎಣಿಕೆಯನ್ನು ಎಸ್‌ಎಸ್‌ಎಲ್_ಸೆಷನ್_ಫ್ರೀಯಿಂದ ಇಳಿಸುತ್ತದೆ. ಸೆಟ್_ಸೆಷನ್ ತನ್ನದೇ ಎಣಿಕೆ ಏರಿಸಿಕೊಳ್ಳುತ್ತದೆ, ಕೊಟ್ಟ ಮಾತ್ರಕ್ಕೆ ನಮ್ಮದು ಹೋಗುವುದಿಲ್ಲ. ಈ ಜಾಗದಲ್ಲಿ ಫ್ರೀ ಬಿಟ್ಟರೆ ಹಳೆಯ ಸೋರಿಕೆಯೇ ಬೇರೆ ವೇಷದಲ್ಲಿ ಬರುತ್ತದೆ. ಹೊರತೆಗೆಯದೆ ಇಟ್ಟಲ್ಲಿಂದಲೇ ಮತ್ತೆ ಮತ್ತೆ ಬಳಸಬೇಡಿ. ಟಿಕೆಟ್ ಒಂದೇ ಸಲ ಬಳಸಬೇಕೆಂದು ಟಿಎಲ್‌ಎಸ್ 1.3ರ ನಿಯಮಪತ್ರವಾದ 2018ರ ಆರ್‌ಎಫ್‌ಸಿ 8446 ಹೇಳುತ್ತದೆ, ಬಳಕೆದಾರನ ಜಾಡು ಹಿಡಿಯಲು ಅದು ದಾರಿಯಾಗಬಾರದು ಎಂಬುದು ಕಾರಣ.

ಎರಡು ಜಾಗ ಸಾಕಾಗುವುದಕ್ಕೂ ಲೆಕ್ಕವಿದೆ. ಪೂರ್ಣ ಹ್ಯಾಂಡ್‌ಶೇಕಿಗೆ ಎರಡು ಟಿಕೆಟ್, ಮರುಬಳಕೆಯ ಹ್ಯಾಂಡ್‌ಶೇಕಿಗೆ ಓಪನ್‌ಎಸ್‌ಎಸ್‌ಎಲ್ ಸರ್ವರ್ ಕೊಡುವುದು ಒಂದು. ಒಂದು ಖರ್ಚಾಗಿ ಒಂದು ಬರುತ್ತದೆ. ಮರುಬಳಕೆಯಲ್ಲಿ ಸರ್ಟಿಫಿಕೇಟ್ ಪರೀಕ್ಷೆ ಮತ್ತೆ ನಡೆಯುವುದಿಲ್ಲ, ಮೊದಲ ಸಲದ ಫಲಿತಾಂಶವೇ ಸೆಷನ್ನಿನಲ್ಲಿ ಬರುತ್ತದೆ. ಆದ್ದರಿಂದ ಪರೀಕ್ಷೆ ಸೋತ ಸಂಪರ್ಕದ ಸೆಷನ್ ಪಟ್ಟಿಗೆ ಸೇರಲೇಬಾರದು.

ಇನ್ನೊಂದು ಸಾಲು ಬದಲಾಗಬೇಕು. ಕ್ಯಾಶ್ ವಿಧಾನ "ಕ್ಲೈಂಟ್" ಎಂದಷ್ಟೇ ಇದ್ದರೆ ಓಪನ್‌ಎಸ್‌ಎಸ್‌ಎಲ್ ತನ್ನ ಒಳಗೂ ಸೆಷನ್ ಇಟ್ಟುಕೊಳ್ಳುತ್ತದೆ, ಗರಿಷ್ಠ 20,480ರವರೆಗೆ. ಯಾವ ಸಂಪರ್ಕಕ್ಕೆ ಯಾವ ಸೆಷನ್ ಎಂದು ಕ್ಲೈಂಟ್ ಕಡೆ ಅದಕ್ಕೆ ಗೊತ್ತಾಗುವುದಿಲ್ಲವಾದ್ದರಿಂದ ಆ ದಾಸ್ತಾನಿನಿಂದ ಪ್ರಯೋಜನವಿಲ್ಲ. ಅವಧಿ ಮುಗಿದವನ್ನು 255 ಸಂಪರ್ಕಕ್ಕೊಮ್ಮೆ ಗುಡಿಸುತ್ತದೆ, ಹಾಗಾಗಿ ಇದು ಸೋರಿಕೆಯಲ್ಲ, ಆದರೆ 1 ಜಿಬಿ ಯಂತ್ರದಲ್ಲಿ ಗ್ರಾಫನ್ನು ಹಾಳುಮಾಡುತ್ತದೆ. "ನೋ ಇಂಟರ್ನಲ್" ಆಯ್ಕೆಯನ್ನೂ ಸೇರಿಸಿ.

ಮೆಟ್ಟಿಲು, ಮತ್ತು ಗಡಿಯಾರ

ಕರೆಂಟು ಹೋಗಿ ಬಂದ ದಿನದ ಜಿಗಿತ ಬೇರೆಯದೇ. ಪ್ರಾಕ್ ಕೋಶದ ಎಫ್‌ಡಿ ಪಟ್ಟಿ (ತೆರೆದ ಕಡತ, ಸಾಕೆಟ್‌ಗಳ ಪಟ್ಟಿ) ಎಣಿಸಿದರೆ ಗೊತ್ತಾಯಿತು, ಮೆಮೊರಿ ಜೊತೆಗೆ ತೆರೆದ ಸಾಕೆಟ್‌ಗಳೂ ಏರಿ ಸರಿಯಾಗಿ 1,024ಕ್ಕೆ ನಿಲ್ಲುತ್ತವೆ. ಒಂದು ಪ್ರೋಗ್ರಾಮಿಗೆ ಸಾಮಾನ್ಯವಾಗಿ ಇರುವ ಮೃದು ಮಿತಿ ಅದು. ಆಮೇಲೆ ಹೊಸ ಸಾಕೆಟ್ ಸಿಗುವುದಿಲ್ಲ, ಸಂಪರ್ಕವಿಲ್ಲ, ಸೋರಿಕೆಯೂ ಇಲ್ಲ.

ಹ್ಯಾಂಡ್‌ಶೇಕ್ ಸೋತಾಗ ಫಂಕ್ಷನ್ ನಡುವಿನಿಂದಲೇ ಹಿಂದಿರುಗುತ್ತಿತ್ತು. ಎಸ್‌ಎಸ್‌ಎಲ್_ಫ್ರೀ ಇದ್ದದ್ದು ಕೆಳಗೆ, ಗೆದ್ದ ದಾರಿಯಲ್ಲಿ ಮಾತ್ರ. ಸೋತ ಸಂಪರ್ಕವೇ ಗೆದ್ದದ್ದಕ್ಕಿಂತ ದುಬಾರಿ: ಓದುವ-ಬರೆಯುವ ಬಫರ್‌ಗಳೇ ಸುಮಾರು 34 ಕೆಬಿ, ಉಳಿದದ್ದು ಸೇರಿ 40ರ ಆಸುಪಾಸು. 1,024ರಿಂದ ಗುಣಿಸಿದರೆ 40 ಎಂಬಿ ಮೆಟ್ಟಿಲು. ಸೋತರೆ 2 ಸೆಕೆಂಡಿಗೆ ಮತ್ತೆ ಯತ್ನ, ಅಂದರೆ ನಿಮಿಷಕ್ಕೆ 30. ಮಿತಿ ಮುಟ್ಟಲು 34 ನಿಮಿಷ.

ಕರೆಂಟು ಬಂದ ಮೇಲೆ ಹ್ಯಾಂಡ್‌ಶೇಕ್ ಸೋಲುವುದೇಕೆ? ಪೈ 3ರಲ್ಲಿ ಬ್ಯಾಟರಿ ಗಡಿಯಾರವಿಲ್ಲ. ಎದ್ದಾಗ ಕೊನೆಯ ಸಲ ಡಿಸ್ಕಿಗೆ ಬರೆದಿಟ್ಟ ಸಮಯದಿಂದಲೇ ಶುರುಮಾಡುತ್ತದೆ, ಎನ್‌ಟಿಪಿ (ನೆಟ್‌ನಿಂದ ಸಮಯ ತರುವ ಸೇವೆ) ಸಿಗುವ ತನಕ ಅದೇ ನಿಜ. ಅಷ್ಟರೊಳಗೆ ಸರ್ವರ್ ತನ್ನ ಸರ್ಟಿಫಿಕೇಟ್ ನವೀಕರಿಸಿದ್ದರೆ ಅದು "ಇನ್ನೂ ಜಾರಿಗೆ ಬಂದಿಲ್ಲ". ಒಂದೆರಡು ತಾಸಿನ ಕರೆಂಟ್ ಕಟ್‌ಗೆ ಇದು ಅಪರೂಪ, ಆಗೆಲ್ಲ ಸೋಲಿಸುವುದು ಹೆಚ್ಚಾಗಿ ಅರ್ಧಕ್ಕೆ ಕಡಿಯುವ ಮೊಬೈಲ್ ಸಿಗ್ನಲ್. ಆದರೆ ಜೂನ್ 1ರಿಂದ ಜುಲೈ 31ರವರೆಗಿನ ಮೀನುಗಾರಿಕೆ ನಿಷೇಧದಲ್ಲಿ ಫಲಕ ಆರಿಸಿಟ್ಟು ಆಗಸ್ಟ್ 1ಕ್ಕೆ ಹಚ್ಚಿದರೆ ಯಂತ್ರದ ಲೆಕ್ಕದಲ್ಲಿ ಅದಿನ್ನೂ ಮೇ ತಿಂಗಳು. 90 ದಿನದ ಸರ್ಟಿಫಿಕೇಟ್‌ಗಳ ಕಾಲದಲ್ಲಿ ಮೂರರಲ್ಲೊಂದು ಸರ್ವರ್ ನಡುವೆ ನವೀಕರಿಸಿಯೇ ಇರುತ್ತದೆ. ಬೋಟುಗಳೆಲ್ಲ ಹೊರಡುವ ದಿನವೇ ಫಲಕ ನಿಲ್ಲುತ್ತದೆ.

ದುರಸ್ತಿ: ಎಲ್ಲ ಹೊರದಾರಿಗಳೂ ಒಂದೇ ಲೇಬಲ್ಲಿಗೆ ಬಂದು ಅಲ್ಲಿ ಎಸ್‌ಎಸ್‌ಎಲ್_ಫ್ರೀ, ಆಮೇಲೆ ಸಾಕೆಟ್ ಕ್ಲೋಸ್. ಎಸ್‌ಎಸ್‌ಎಲ್_ಸೆಟ್_ಎಫ್‌ಡಿ ಬಳಸಿದ್ದರೆ ಎಸ್‌ಎಸ್‌ಎಲ್_ಫ್ರೀ ಸಾಕೆಟ್ಟನ್ನು ಮುಚ್ಚುವುದಿಲ್ಲ, ಅದು ಪ್ರತ್ಯೇಕ ಕೆಲಸ. ಸೋತ ಸಂಪರ್ಕದ ಮೇಲೆ ಎಸ್‌ಎಸ್‌ಎಲ್_ಶಟ್‌ಡೌನ್ ಕರೆಯಬೇಡಿ. ಮರುಯತ್ನದ ಅಂತರ 2, 4, 8 ಎಂದು ಏರಿ 60 ಸೆಕೆಂಡಿಗೆ ನಿಲ್ಲಲಿ. ಗಡಿಯಾರಕ್ಕೆ ಬ್ಯಾಟರಿಯಿರುವ ಡಿಎಸ್3231 ಮಾಡ್ಯೂಲ್, ಐ2ಸಿ ಪಿನ್ನುಗಳಿಗೆ. ಕಾನ್ಫಿಗ್ ಕಡತದಲ್ಲಿ ಐ2ಸಿ-ಆರ್‌ಟಿಸಿ ಓವರ್‌ಲೇ ಡಿಎಸ್3231 ಎಂಬ ಒಂದು ಸಾಲು.

ಇದನ್ನು ಪರೀಕ್ಷಿಸಲು ಮಳೆಗೆ ಕಾಯಬೇಕಿಲ್ಲ. ನೆಟ್‌ಕ್ಯಾಟ್ ಅನ್ನು ಒಂದು ಪೋರ್ಟಿನಲ್ಲಿ ಕೇಳಿಸಿಕೊಳ್ಳಲು ಬಿಡಿ. ಅದು ಕ್ಲೈಂಟ್ ಹಲೋ (ಹ್ಯಾಂಡ್‌ಶೇಕಿನ ಮೊದಲ ಸಂದೇಶ) ನುಂಗಿ ಸುಮ್ಮನಿರುತ್ತದೆ, ಟೈಮ್‌ಔಟ್ ದಾರಿ ಪರೀಕ್ಷೆಯಾಯಿತು. ಎಸ್_ಸರ್ವರ್‌ಗೆ ನಾಳೆಯಿಂದ ಜಾರಿಯಾಗುವ ಸರ್ಟಿಫಿಕೇಟ್ ಕೊಡಿ, ಗಡಿಯಾರದ ದಾರಿಯಾಯಿತು. ಎರಡರಲ್ಲೂ ಜೀವಂತ ಎಸ್‌ಎಸ್‌ಎಲ್ ಎಣಿಕೆ ಸೊನ್ನೆಗೆ ಮರಳಬೇಕು.

ಈ ಸೋರಿಕೆಯ ಲೀಕ್ ವರದಿ ನೋಡಿದರೆ ಗಾಬರಿಯಾಗುತ್ತದೆ. ಒಂದೇ ಒಂದು ಎಸ್‌ಎಸ್‌ಎಲ್ ಸೋರಿದರೂ ಅದು ಎಸ್‌ಎಸ್‌ಎಲ್_ಕಾಂಟೆಕ್ಸ್ಟ್ ಹಿಡಿದಿರುತ್ತದೆ, ಕಾಂಟೆಕ್ಸ್ಟ್ ಇಡೀ ಬೇರು ಸರ್ಟಿಫಿಕೇಟ್‌ಗಳ ಸಂಗ್ರಹವನ್ನು ಹಿಡಿದಿರುತ್ತದೆ. ಹೊರಬೀಳುವಾಗ ಅಷ್ಟೂ ಇಂಡೈರೆಕ್ಟ್ ಎಂದು ಸುರಿಯುತ್ತದೆ. ಅಲ್ಲೂ ಡೈರೆಕ್ಟ್ ಸಾಲು ಒಂದೇ.

ದುರಸ್ತಿಯ ನಂತರವೂ ಆರ್‌ಎಸ್‌ಎಸ್ ಮೊದಲ ತಾಸಿನಲ್ಲಿ ಕೆಲವು ಎಂಬಿ ಏರುತ್ತದೆ. ಮ್ಯಾಲ್‌ಇನ್ಫೊ2 ಹೇಳುವ ಬಳಕೆಯ ಬೈಟು ಏರದೆ ಆರ್‌ಎಸ್‌ಎಸ್ ಮಾತ್ರ ಏರಿದರೆ ಅದು ಜಿಲಿಬ್‌ಸಿ (ಮ್ಯಾಲಕ್ ಒದಗಿಸುವ ಸಿ ಲೈಬ್ರರಿ) ಹಿಂದಿರುಗಿಸದೆ ಇಟ್ಟುಕೊಂಡದ್ದು. ಎರಡು-ಮೂರು ಥ್ರೆಡ್ ಇರುವಲ್ಲಿ ಮ್ಯಾಲಕ್ ಅರೀನಾ (ಥ್ರೆಡ್‌ಗಳಿಗೆ ಮೆಮೊರಿ ಹಂಚುವ ದಾಸ್ತಾನು) ಮಿತಿಯನ್ನು 2ಕ್ಕೆ ಇಳಿಸಿದರೆ ತಣ್ಣಗಾಗುತ್ತದೆ. ಮಿತಿ ಹಾಕದಿದ್ದರೆ ನಾಲ್ಕು ಕೋರಿನ 64 ಬಿಟ್ ಯಂತ್ರದಲ್ಲಿ ಅರೀನಾಗಳು 32ರವರೆಗೆ ಹೋಗಬಹುದು.

ಎಣಿಕೆಯ ಸಾಲನ್ನು ಕೋಡಿನಲ್ಲೇ ಉಳಿಸಿದೆ, ಹತ್ತು ನಿಮಿಷಕ್ಕೊಮ್ಮೆ ಜರ್ನಲ್‌ಗೆ ಬರೆಯುತ್ತದೆ. ಮೂರು ಹೋಸ್ಟ್‌ಗೆ ಪಟ್ಟಿಯಲ್ಲಿ ಸೆಷನ್ 6ಕ್ಕಿಂತ ಹೆಚ್ಚಿರಬಾರದು, ನಡೆಯುತ್ತಿರುವ ಸಂಪರ್ಕಗಳದ್ದು ಸೇರಿ 9 ದಾಟಿದರೆ ಎಚ್ಚರಿಕೆ. ಪರದೆಯ ಮೂಲೆಯಲ್ಲಿ ಪ್ರತಿ ಪುಟ ತಂದ ಹೊತ್ತೂ ಈಗ ಕಾಣುತ್ತದೆ. ಹತ್ತು ನಿಮಿಷ ಹಳತಾದರೆ ದರ ಮಸುಕಾಗುತ್ತದೆ, ಅಲೆಯ ಮುನ್ಸೂಚನೆ ಪೂರ್ತಿ ಅಳಿದು "ಮಾಹಿತಿ ಇಲ್ಲ" ಎಂದು ಬರುತ್ತದೆ. ನಿನ್ನೆಯ ದರ ನೋಡಿದವನಿಗೆ ನಾಲ್ಕು ಕಾಸು ನಷ್ಟವಾಗಬಹುದು, ನಿನ್ನೆಯ ಅಲೆ ನೋಡಿ ಬೋಟು ಬಿಡುವುದು ಬೇರೆ ವಿಷಯ.